ಮಾತ್ರೆ ಚೀಟಿಯಾಚೆಗಿನ ಕೆಲಸ

ಹೊಸೂರು ರಸ್ತೆಯ ಗದ್ದಲ ಬಿಟ್ಟು ಒಳಗೆ ಬಂದರೆ ಮೊದಲು ಸಿಗುವುದು ಮರಗಳ ನೆರಳು. ಬೆಂಗಳೂರಿನ ನಿಮ್ಹಾನ್ಸ್ ಇದು. ಮೈಸೂರು ಸಂಸ್ಥಾನದ ಕಾಲದ ಮಾನಸಿಕ ಆಸ್ಪತ್ರೆಯೂ 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ 1974ರಲ್ಲಿ ಈ ಹೆಸರು ಪಡೆದವು.

ಹೊರರೋಗಿ ವಿಭಾಗದ ಬೆಂಚುಗಳಲ್ಲಿ ರಾತ್ರಿ ಬಸ್ಸಿಗೆ ಬಂದವರು ಕೂತಿದ್ದಾರೆ. ಮಡಿಲಲ್ಲಿ ಬುತ್ತಿಯ ಚೀಲ, ಪ್ಲಾಸ್ಟಿಕ್ ಕವರಿನೊಳಗೆ ವರ್ಷಗಳ ಚೀಟಿಗಳು. ಮಗನ ಪಕ್ಕ ಕುಳಿತ ತಾಯಿಯನ್ನು ಸಮಾಜಕಾರ್ಯಕರ್ತೆ ಕೇಳುತ್ತಾರೆ: "ಅಮ್ಮಾ, ಮಾತ್ರೆ ಯಾಕೆ ನಿಲ್ಲಿಸಿದ್ರಿ?"

"ಕೂಲಿ ಬಿಟ್ಟು ಬರ್ಬೇಕಲ್ಲ ಮೇಡಂ. ಇಬ್ಬರ ಬಸ್ ಚಾರ್ಜು ಬೇರೆ."

ಗದರಿಕೆ ಇಲ್ಲ. ಯಾವ ತಾಲ್ಲೂಕು, ರೇಷನ್ ಕಾರ್ಡ್ ಇದೆಯೇ, ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿದ್ದಾರೆಯೇ ಎಂಬ ವಿಚಾರಣೆ ನಡೆಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ಮಾಸಾಶನಕ್ಕೆ ಆ ಪತ್ರವೇ ಆಧಾರ. "ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲೇ ಮನೋಚೈತನ್ಯ ಕ್ಲಿನಿಕ್ ಇರುತ್ತೆ, ಮಾತ್ರೆ ಅಲ್ಲೇ ತಗೊಳ್ಳಿ" ಎಂದು ಬರೆದುಕೊಡುತ್ತಾರೆ. ನನ್ನ ಕಣ್ಣಿಗೆ ಇದೂ ಚಿಕಿತ್ಸೆಯೇ. ಬಸ್ ಚಾರ್ಜಿಲ್ಲದೆ ನಿಂತ ಮಾತ್ರೆಗೆ ರೋಗಿಯನ್ನು ದೂರುವುದು ಅನ್ಯಾಯ. ಚಿಕಿತ್ಸೆಯನ್ನು ಊರಿಗೇ ಒಯ್ಯುವ ಯೋಚನೆ ಹೊಸದೇನಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅದನ್ನು ಮಾಡಿ ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ.

ಪುನರ್ವಸತಿ ವಿಭಾಗದತ್ತ ನಡೆದೆ. ಚೇತರಿಸಿಕೊಳ್ಳುತ್ತಿರುವವರು ಇಲ್ಲಿ ಬೇಕರಿ, ಹೊಲಿಗೆ, ಮೇಣದಬತ್ತಿ, ತೋಟದ ಕೆಲಸ ಕಲಿಯುತ್ತಾರೆ. ಕೈಗೆ ಕೆಲಸ ಬಂದರೂ ಕರೆದೊಯ್ಯುವವರು ಎಲ್ಲರಿಗೂ ಇರುವುದಿಲ್ಲ. ಮನೆಯವರು ಒಪ್ಪಲಿಲ್ಲ, ಮನೆಯೇ ಇಲ್ಲ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಸೆಕ್ಷನ್. ಹಾಗಾದರೆ ಎಲ್ಲಿಗೆ ಹೋಗಬೇಕು? ಸಮುದಾಯದ ನಡುವೆ ವಸತಿ ಒದಗಿಸುವ ಹೊಣೆಯನ್ನು ಅದೇ ಕಾಯ್ದೆ ಸರ್ಕಾರಕ್ಕೆ ವಹಿಸಿದೆ. ಅಂಥ ಮನೆಗಳು ಮಾತ್ರ ತೀರಾ ಕಡಿಮೆ.

ಅವು ಹೆಚ್ಚುವವರೆಗೆ ಆ ಕೊರತೆಯನ್ನು ತುಂಬುತ್ತಿರುವುದು ಸಮಾಜಕಾರ್ಯಕರ್ತರ ಫೋನು. ಒಬ್ಬ ಅಣ್ಣನನ್ನು ಒಪ್ಪಿಸಬೇಕು, ಪಂಚಾಯಿತಿಯವರೊಂದಿಗೆ ಮಾತಾಡಬೇಕು, ಹಳೆಯ ಮಾಲೀಕ ಮತ್ತೆ ಕೆಲಸ ಕೊಡುವನೇ ವಿಚಾರಿಸಬೇಕು. ಜಿಲ್ಲಾ ಕಾರ್ಯಕ್ರಮದ ತಂಡಗಳಲ್ಲೂ ಈ ಹುದ್ದೆಯಿದೆ. ಆದರೆ ಇಡೀ ಜಿಲ್ಲೆಯ ಮನೆಬಾಗಿಲುಗಳನ್ನು ಒಂದೇ ತಂಡ ತಟ್ಟಲಾರದು. ತಾಲ್ಲೂಕಿಗೊಬ್ಬರಾದರೂ ಬೇಕು.