ಆಟಕ್ಕೆ ಹೊರಗಿನವರುಂಟೆ?

ಬಿಡದಿಯಿಂದ ಮಕ್ಕಳೊಡನೆ ಬೆಂಗಳೂರಿಗೆ ಹೋದವರು ಕೋಲ್ಸ್ ಪಾರ್ಕನ್ನೊಮ್ಮೆ ನೋಡಿಬರಬೇಕು. ಅಂಗವೈಕಲ್ಯವುಳ್ಳ ಮಕ್ಕಳ ತಂದೆತಾಯಿಗಳು ಸೇರಿ, ಮಗುವಿನ ನಗೆಯನ್ನು ನೆನಪಿಸುವ ‘ಕಿಲಿಕಿಲಿ’ ಎಂಬ ಹೆಸರಿನ ಸಂಸ್ಥೆಯನ್ನು ಕಟ್ಟಿದರು. ನಗರಪಾಲಿಕೆಯ ನೆರವಿನಿಂದ, ಎಲ್ಲ ಮಕ್ಕಳೂ ಕೂಡಿ ಆಡುವ ಅಂಗಳವನ್ನು ಅಲ್ಲಿ ರೂಪಿಸಿದರು.

ಇಂಥ ಅಂಗಳದ ಗುಟ್ಟು ದುಬಾರಿ ಯಂತ್ರಗಳಲ್ಲಿಲ್ಲ. ಮೆಟ್ಟಿಲ ಪಕ್ಕದಲ್ಲೊಂದು ಇಳಿಜಾರು ಹಾದಿ. ಬೆನ್ನಿಗೆ ಆಸರೆಯಿರುವ ಉಯ್ಯಾಲೆ. ಗಾಲಿಕುರ್ಚಿಯಲ್ಲಿ ಕುಳಿತ ಮಗುವಿನ ಕೈಗೆಟುಕುವಂತೆ ಎತ್ತರಿಸಿದ ಮರಳಿನ ತೊಟ್ಟಿ. ಇಷ್ಟಾದರೆ ಉಳಿದುದನ್ನು ಮಕ್ಕಳೇ ಹೊಂದಿಸಿಕೊಳ್ಳುತ್ತಾರೆ. ಕಣ್ಣಾಮುಚ್ಚಾಲೆಯಲ್ಲಿ ಓಡಲಾರದವನು ಎಣಿಸುತ್ತಾನೆ, ಓಡಬಲ್ಲವರು ಅಡಗುತ್ತಾರೆ, ಆಟ ನಡೆಯುತ್ತದೆ.

ಇದು ಕರುಣೆಯ ಮಾತಲ್ಲ. ಆಟವು ಮಗುವಿನ ಹಕ್ಕೆಂದು ವಿಶ್ವಸಂಸ್ಥೆ 1989ರಲ್ಲಿಯೇ ಸಾರಿತು. 1992ರಲ್ಲಿ ಭಾರತವೂ ಅದಕ್ಕೆ ಸಮ್ಮತಿಯಿತ್ತಿತು. ಸಾರ್ವಜನಿಕ ಸೌಲಭ್ಯಗಳು ಅಂಗವೈಕಲ್ಯವುಳ್ಳವರಿಗೂ ಸುಗಮವಾಗಿರಬೇಕೆಂದು 2016ರ ಕಾಯಿದೆ ವಿಧಿಸಿತು.

ನಮ್ಮ ಸೀಮೆಗೆ ಈ ವಿವೇಕ ಹೊಸದೇನಲ್ಲ. ನೆರೆಯ ಚನ್ನಪಟ್ಟಣದ ಕುಶಲಕರ್ಮಿ ಅರಗಿನ ಬಣ್ಣ ಹಚ್ಚುವ ಮುನ್ನ ಮರದ ಬೊಂಬೆಯ ಅಂಚುಗಳನ್ನು ಉಜ್ಜಿ ನುಣುಪು ಮಾಡುತ್ತಾನೆ. ಅದು ಯಾವ ಮಗುವಿನ ಕೈ ಸೇರೀತೆಂದು ಕೇಳುವುದಿಲ್ಲ. ಊರೂರಿನಲ್ಲಿ ಉದ್ಯಾನ ಕಟ್ಟುವವರೂ ಅವನಿಂದ ಕಲಿಯಬೇಕು. ಬಾಗಿಲ ಬಳಿಯ ಒಂದೇ ಒಂದು ಮೆಟ್ಟಿಲು, ಒಂದು ಮಗುವಿನ ಬಾಲ್ಯವನ್ನೇ ಹೊರಗೆ ನಿಲ್ಲಿಸಬಲ್ಲದು.