ಮಕ್ಕಳ ಮನಸ್ಸಿಗೆ ಪ್ರಥಮ ಚಿಕಿತ್ಸೆ: ಹಿರಿಯರು ಕಲಿಯಬೇಕಾದ ಪಾಠ

ಮಗುವಿನ ಮೊಣಕಾಲು ತರಚಿದರೆ ಏನು ಮಾಡಬೇಕೆಂದು ನಮಗಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಹದಿನಾರರ ಮಗ ಊಟ, ಆಟ, ಗೆಳೆಯರನ್ನೆಲ್ಲ ತೊರೆದು ವಾರಗಟ್ಟಲೆ ಕೋಣೆಯ ಬಾಗಿಲು ಹಾಕಿಕೊಂಡು ಕುಳಿತರೆ ನಮಗೆ ತೋಚುವುದು ಎರಡೇ ದಾರಿ: ಗದರಿಸುವುದು, ಇಲ್ಲವೇ ‘ಎಲ್ಲ ಸರಿಹೋಗುತ್ತದೆ’ ಎಂದು ಸುಮ್ಮನಾಗುವುದು.

ಈ ಕೊರತೆಯನ್ನು ಮನಗಂಡು ಆಸ್ಟ್ರೇಲಿಯಾದ ದಾದಿಯೂ ಶಿಕ್ಷಕಿಯೂ ಆದ ಬೆಟ್ಟಿ ಕಿಚನರ್ ಹಾಗೂ ಅವರ ಪತಿ, ಸಂಶೋಧಕ ಆಂಥನಿ ಜಾರ್ಮ್ ಅವರು 2000ರಲ್ಲಿ ‘ಮೆಂಟಲ್ ಹೆಲ್ತ್ ಫಸ್ಟ್ ಏಡ್’ ಎಂಬ ತರಬೇತಿಯನ್ನು ಆರಂಭಿಸಿದರು. ಹದಿಹರೆಯದವರೊಡನೆ ಒಡನಾಡುವ ತಂದೆತಾಯಿ, ಶಿಕ್ಷಕರು ಮುಂತಾದವರಿಗಾಗಿಯೇ ಅದರಲ್ಲೊಂದು ಪ್ರತ್ಯೇಕ ಪಾಠಕ್ರಮವಿದೆ. ರೋಗನಿರ್ಣಯವನ್ನಾಗಲಿ ಚಿಕಿತ್ಸೆಯನ್ನಾಗಲಿ ಅಲ್ಲಿ ಕಲಿಸುವುದಿಲ್ಲ. ಬದಲಾವಣೆಯನ್ನು ಗುರುತಿಸಿ ಮಾತನಾಡಿಸುವುದು, ಅಪಾಯವಿದೆಯೇ ಎಂದು ಅರಿಯುವುದು, ತಪ್ಪೊಪ್ಪು ಎಣಿಸದೆ ಆಲಿಸುವುದು, ತಜ್ಞರ ಬಳಿಗೆ ಹೋಗಲು ಧೈರ್ಯ ತುಂಬುವುದು, ಇಷ್ಟೇ.

ಇವುಗಳಲ್ಲಿ ಆಲಿಸುವುದೇ ಕಠಿಣ. ‘ನಿನ್ನ ವಯಸ್ಸಿನಲ್ಲಿ ನಾವು ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿದೆವು’ ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಬಾರಿ ಕೇಳಿಬಂದಿಲ್ಲ! ಅದು ಸತ್ಯವೂ ಹೌದು, ಹೆಮ್ಮೆಯ ಸಂಗತಿಯೂ ಹೌದು. ಆದರೆ ದುಃಖ ತೋಡಿಕೊಳ್ಳಲು ಬಂದ ಮಗುವಿಗೆ ಅದು ಬಾಗಿಲು ಮುಚ್ಚಿದಂತೆಯೇ ಸರಿ. ಮೇಲಾಗಿ, ಹೊರನಾಡಿನ ನಮ್ಮ ಮಕ್ಕಳಿಗೆ ಮನಸ್ಸಿನ ಮಾತು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರುವುದುಂಟು. ಆ ಗಳಿಗೆಯಲ್ಲಿ ‘ಕನ್ನಡದಲ್ಲಿ ಹೇಳು’ ಎಂದು ತಿದ್ದುವುದು ಬೇಡ. ಕನ್ನಡ ಸಂಘದವರಾದ ನಾವು ಇದನ್ನು ಬರೆಯಲು ತುಸು ಸಂಕೋಚವಾದರೂ ಬರೆಯಲೇಬೇಕಾಗಿದೆ.

ಇನ್ನೂ ಅಂಜಿಕೆ ಹುಟ್ಟಿಸುವ ಪ್ರಶ್ನೆಯೊಂದಿದೆ. ‘ಸಾಯಬೇಕು ಅನ್ನಿಸುತ್ತಿದೆಯೇ?’ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ಬಿತ್ತಿದಂತಾಗದೇ ಎಂದು ಹಿರಿಯರು ಹೆದರುತ್ತಾರೆ. ಹಾಗಾಗುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಶಾಂತವಾಗಿ ಕೇಳಿದಾಗ ಬಚ್ಚಿಟ್ಟ ಮಾತು ಹೊರಬರಲು ದಾರಿಯಾಗುತ್ತದೆ. ಉತ್ತರ ಹೌದೆಂದು ಬಂದರೆ ಗಾಬರಿಗೊಳ್ಳಬಾರದು, ಮಗುವನ್ನು ಒಂಟಿಯಾಗಿ ಬಿಡಬಾರದು, ‘ಯಾರಿಗೂ ಹೇಳುವುದಿಲ್ಲ’ ಎಂದು ಭಾಷೆ ಕೊಡಬಾರದು. ಕೂಡಲೇ ನೆರವು ಪಡೆಯಬೇಕು.

ನಮ್ಮ ದೇಶದಲ್ಲಿಯೂ 2020ರಲ್ಲಿ ಆರಂಭವಾದ ಶಾಲಾ ಆರೋಗ್ಯ ಕಾರ್ಯಕ್ರಮದಡಿ ಪ್ರತಿ ಸರಕಾರಿ ಶಾಲೆಯ ಇಬ್ಬರು ಶಿಕ್ಷಕರಿಗೆ ತರಬೇತಿ ನೀಡುವ ಯೋಜನೆಯಿದೆ. ಮಾನಸಿಕ ಆರೋಗ್ಯವೂ ಅದರಲ್ಲೊಂದು ವಿಷಯ. ಖಾಸಗಿ ಶಾಲೆಗಳಲ್ಲಿ ಓದುವ ಮಕ್ಕಳ ಪೋಷಕರು ತಮ್ಮ ಶಾಲೆಯಲ್ಲಿ ಏನು ವ್ಯವಸ್ಥೆಯಿದೆಯೆಂದು ವಿಚಾರಿಸಿಕೊಳ್ಳುವುದು ಒಳಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಗೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನವಿದೆ. ಸಂಖ್ಯೆ 14416; ಕರೆ ಉಚಿತ, ಹಗಲಿರುಳೂ ಲಭ್ಯ, ಕನ್ನಡವೂ ಅದರ ಭಾಷೆಗಳಲ್ಲೊಂದು. ಮಕ್ಕಳಷ್ಟೇ ಅಲ್ಲ, ದಾರಿ ತೋಚದ ತಂದೆತಾಯಿಯೂ ಕರೆ ಮಾಡಬಹುದು.