ಗಣಕಯಂತ್ರವು ಬ್ರಿಜ್ ಆಟದಲ್ಲಿ ವಿಪರೀತವಾಗಿ ಕೂಗುವುದೇಕೆ?

ಇಸ್ಪೀಟೆಲೆಯ ಆಟವೊಂದನ್ನು ಕುರಿತು ಈ ಸ್ಮರಣ ಸಂಚಿಕೆಗೆ ಬರೆಯುವೆವೆಂದಾಗ ನಮ್ಮ ಮನೆಯವರೇ ಹುಬ್ಬು ಗಂಟಿಕ್ಕಿದರು. ಹಣ ಕಟ್ಟಿ ಆಡುವುದನ್ನು ನಾವೂ ಒಪ್ಪುವವರಲ್ಲ. ಆದರೆ ಬ್ರಿಜ್ ಎಂಬ ಆಟಕ್ಕೆ ಹಣವು ಬೇಕಿಲ್ಲ. ಬೇಕಾದುದು ನಾಲ್ಕು ಜನ, 52 ಎಲೆಗಳು, ಮತ್ತು ಎದುರಿಗೆ ಕುಳಿತ ಜೊತೆಗಾರ್ತಿಯ ಮಾತಿನಲ್ಲಿ ನಂಬಿಕೆ. ಇವುಗಳಲ್ಲಿ ಮೊದಲನೆಯದು ನಮ್ಮ ವಯಸ್ಸಿನವರಿಗೆ ಈಗ ಸುಲಭವಾಗಿ ದೊರೆಯದು. ನಮ್ಮೊಡನೆ ಆಡುತ್ತಿದ್ದ ಗೆಳತಿಯರು ಮಕ್ಕಳಿರುವ ಊರುಗಳಿಗೆ ಚದರಿಹೋದ ಮೇಲೆ, ಸಾಯಂಕಾಲ ಗಣಕಯಂತ್ರದ ಮುಂದೆ ಕುಳಿತು, ಉಳಿದ ಮೂರು ಸ್ಥಾನಗಳನ್ನೂ ಅದಕ್ಕೇ ಒಪ್ಪಿಸಿ ಆಡುವುದು ನಮಗೆ ರೂಢಿಯಾಗಿದೆ. ಈ ಜೊತೆಗಾರನ ಕೂಗುಗಳು ಕೆಲವೊಮ್ಮೆ ಎಷ್ಟು ವಿಚಿತ್ರವಾಗಿರುತ್ತವೆಂದರೆ, ಅದರ ಕಾರಣವನ್ನು ಹುಡುಕದೆ ಇರಲು ನಮ್ಮಿಂದಾಗಲಿಲ್ಲ.

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು ಹೇಳಬೇಕು. ನಾಲ್ವರಿಗೂ ತಲಾ 13 ಎಲೆಗಳು. ಎದುರುಬದುರಾಗಿ ಕುಳಿತ ಇಬ್ಬರು ಒಂದು ಪಕ್ಷ. ನಾಲ್ವರೂ ಒಂದೊಂದು ಎಲೆ ಹಾಕಿದರೆ ಒಂದು ಸುತ್ತು. ಆಡುವುದಕ್ಕೆ ಮೊದಲು ಹರಾಜು ನಡೆಯುವುದು. ಇಸ್ಪೀಟು, ಆಟೀನು, ಡೈಮಂಡು, ಕಳಾವರು ಎಂಬ ನಾಲ್ಕು ಬಣ್ಣಗಳಲ್ಲಿ ಇಂಥದನ್ನು ತುರುಫು ಮಾಡಿಕೊಂಡು, ಇಲ್ಲವೆ ತುರುಫೇ ಇಲ್ಲದೆ, ಇಷ್ಟು ಸುತ್ತುಗಳನ್ನು ಗೆಲ್ಲುವೆವೆಂದು ಕೂಗುವರು. ಕೂಗಿನ ಅಂಕೆಗೆ ಆರನ್ನು ಕೂಡಿಸಿಕೊಳ್ಳಬೇಕು. ಹೇಗಂದರೆ, ‘ನಾಲ್ಕು ಆಟೀನು’ ಎಂಬುದು ಹತ್ತು ಸುತ್ತುಗಳ ವಾಗ್ದಾನ. ಹೀಗೆ 35 ಕೂಗುಗಳುಂಟು. ಅವುಗಳೊಡನೆ ಪಾಸ್, ಡಬಲ್, ರೀಡಬಲ್ ಎಂಬ ಮೂರನ್ನು ಸೇರಿಸಿದರೆ ಒಟ್ಟು 38 ಪದಗಳು. ಜೊತೆಗಾರ್ತಿಯೊಡನೆ ನಾವು ಆಡಬಹುದಾದ ಭಾಷೆಯು ಇಷ್ಟೇ. ಕಣ್ಸನ್ನೆ, ನಿಟ್ಟುಸಿರು, ಮುಖ ಸಿಂಡರಿಸುವುದು, ಇವೆಲ್ಲ ನಿಷಿದ್ಧ. ಮೇಲಾಗಿ ಈ ಭಾಷೆಯಲ್ಲಿ ಗುಟ್ಟು ಸಲ್ಲದು. ನಮ್ಮ ಕೂಗಿಗೆ ನಾವಿಬ್ಬರು ಒಪ್ಪಿಕೊಂಡಿರುವ ಅರ್ಥವನ್ನು ಎದುರಾಳಿಗಳು ಕೇಳಿದರೆ ತಿಳಿಸಲೇಬೇಕೆಂಬುದು ಆಟದ ನಿಯಮ.

ಕಳೆದ ಮಳೆಗಾಲದ ಒಂದು ಸಂಜೆ ನಾವು ಉದ್ದನೆಯ ಆಟೀನು ಬಣ್ಣವನ್ನು ಹಿಡಿದು ‘ನಾಲ್ಕು ಆಟೀನು’ ಎಂದು ಕೂಗಿದೆವು. ಹರಾಜು ಅಲ್ಲಿಗೆ ನಿಲ್ಲಬೇಕಾಗಿತ್ತು. ಎದುರಿನ ಯಂತ್ರವು ಕೊಂಚ ತಡೆದು ‘ಐದು ಕಳಾವರು’ ಎಂದಿತು. ಕೂಗಿನ ಅರ್ಥವನ್ನು ತೋರಿಸುವ ಪುಟ್ಟ ಚೌಕದಲ್ಲಿ ‘ಕಳಾವರು ಆರು ಅಥವಾ ಹೆಚ್ಚು’ ಎಂದು ಬರೆದಿತ್ತು. ಆಟ ಮುಗಿದು 52 ಎಲೆಗಳೂ ಕಾಣಿಸಿದಾಗ ನೋಡುತ್ತೇವೆ, ಆ ಕೈಯಲ್ಲಿದ್ದ ಕಳಾವರು ನಾಲ್ಕೇ! ಹನ್ನೊಂದು ಸುತ್ತುಗಳಿಗೆ ಎರಡು ಕಡಮೆಯಾಗಿ ಸೋತೆವು. ನಮಗೆ ಸೋಲಿಗಿಂತ ಆ ಚೌಕದ ಮಾತೇ ಹೆಚ್ಚು ನೋವುಂಟುಮಾಡಿತು. ಜೊತೆಗಾರನು ತಪ್ಪಬಹುದು, ಆರು ಉಂಟೆಂದು ಹೇಳಿ ನಾಲ್ಕನ್ನು ಹಿಡಿದಿರಬಹುದೇ?

ಯಂತ್ರವು ಯೋಚಿಸುವ ಕ್ರಮವನ್ನು ತಿಳಿದ ಮೇಲೆ ನಮ್ಮ ಸಿಟ್ಟು ಸ್ವಲ್ಪ ಇಳಿಯಿತು. ನಮ್ಮ 13 ಎಲೆಗಳನ್ನು ಬಿಟ್ಟರೆ ಉಳಿದ 39 ಎಲೆಗಳು ಮೂವರಲ್ಲಿ ಹಂಚಿಹೋಗಬಹುದಾದ ಬಗೆಗಳು 844 ಕೋಟಿ ಕೋಟಿಗೂ ಮೀರಿವೆ. ಅಷ್ಟನ್ನೂ ನೋಡಲು ಯಾವ ಯಂತ್ರಕ್ಕೂ ಬಿಡುವಿಲ್ಲ. ಆದುದರಿಂದ ಅದು ಈವರೆಗಿನ ಹರಾಜಿಗೆ ಹೊಂದುವ ಕೆಲವು ಹಂಚಿಕೆಗಳನ್ನು ಕುರುಡಾಗಿ ಹೆಕ್ಕಿಕೊಳ್ಳುವುದು. ಆಮೇಲೆ, ‘ನಾನು ಹೀಗೆ ಕೂಗಿದರೆ ಉಳಿದವರು ಏನು ಕೂಗುವರು?’ ಎಂಬುದನ್ನು ತನ್ನೊಳಗಿನ ನಿಯಮಗಳ ಪಟ್ಟಿಯಿಂದ ಊಹಿಸುವುದು. ಕೊನೆಗೆ ಪ್ರತಿಯೊಂದು ಹಂಚಿಕೆಯನ್ನೂ, ನಾಲ್ಕು ಕೈಗಳನ್ನೂ ಮೇಜಿನ ಮೇಲೆ ಬಿಚ್ಚಿಟ್ಟಂತೆ ಭಾವಿಸಿ, ಆಡಿ ನೋಡಿ, ಸರಾಸರಿಯಲ್ಲಿ ಹೆಚ್ಚು ಅಂಕ ತರುವ ಕೂಗನ್ನು ಆರಿಸುವುದು.

ಇದರಲ್ಲಿ ಎರಡು ಕಡೆ ಎಡವಲು ಆಸ್ಪದವುಂಟು. ಕೈ ಬಿಚ್ಚಿಟ್ಟಂತೆ ಎಣಿಸುವುದು ಒಂದು. ಒಂದು ಬಣ್ಣದ ರಾಣಿಯು ಬಲಗಡೆಯವರಲ್ಲಿದೆಯೋ ಎಡಗಡೆಯವರಲ್ಲಿದೆಯೋ ಎಂದು ನಾವು ಊಹಿಸಿ ಆಡಬೇಕಾದ ಸಂದರ್ಭದಲ್ಲಿ ಸರಾಸರಿ ಅರ್ಧದಷ್ಟು ಸಲ ಸೋಲುವೆವು. ಕಣ್ಣಿಗೆ ಕಾಣುವಂತೆ ಎಣಿಸುವ ಯಂತ್ರವೋ ಆ ರಾಣಿಯನ್ನು ಪ್ರತಿಸಲವೂ ಹಿಡಿಯುವುದು. ಎದುರಾಳಿಗಳೂ ಹಾಗೆಯೇ ಕಂಡಾಡುವರೆಂದು ಎಣಿಸುವುದರಿಂದ ಈ ತಪ್ಪು ಬಹುಮಟ್ಟಿಗೆ ಸರಿದೂಗುವುದುಂಟು. ಆದರೆ ದೊಡ್ಡ ಕೂಗೊಂದು ಅಂಥ ಒಂದೇ ರಾಣಿಯ ಮೇಲೆ ನಿಂತಾಗ ಸರಿದೂಗುವುದಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಅಮೆರಿಕದ ಮ್ಯಾಥ್ಯೂ ಗಿನ್ಸ್‌ಬರ್ಗ್ ಎಂಬ ವಿದ್ವಾಂಸರು ರಚಿಸಿದ ‘ಗಿಬ್’ ಎಂಬ ಪ್ರೋಗ್ರಾಂ 1998ರಲ್ಲಿ ಗಣಕಯಂತ್ರಗಳ ಬ್ರಿಜ್ ಜಗತ್‌ಸ್ಪರ್ಧೆಯನ್ನು ಗೆದ್ದಿತು. ಅದರ ಬಲವನ್ನೂ ದೋಷವನ್ನೂ ಅವರೇ 2001ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಮುಚ್ಚುಮರೆಯಿಲ್ಲದೆ ವಿವರಿಸಿದ್ದಾರೆ. ತನ್ನ ಕೈಕೆಲಸದ ಬಿರುಕನ್ನು ತಾನೇ ಬೆರಳಿಟ್ಟು ತೋರಿಸುವವರು ವಿರಳ. ಅದಕ್ಕಾಗಿ ಅವರಲ್ಲಿ ನಮಗೆ ಗೌರವ. ನಿಯಮಗಳ ಪಟ್ಟಿಯು ತುಸು ಅಂಜುಬುರುಕವಾಗಿದ್ದರೆ ಇಬ್ಬರು ಜೊತೆಗಾರರೂ ‘ಎದುರಿನವನು ಅಂಜುವನು, ನಾನೇ ಮುಂದುವರಿಯಬೇಕು’ ಎಂದುಕೊಂಡು ಮೇಲಕ್ಕೆ ಕೂಗುವರು. ಇಬ್ಬರೂ ಕೂಗಿದಾಗ ಮಿತಿಮೀರುವುದು. ಸಾರಿಗೆ ಉಪ್ಪು ಸಾಲದೆಂದು ಅತ್ತೆಯೂ ಸೊಸೆಯೂ ಒಬ್ಬರಿಗೊಬ್ಬರು ತಿಳಿಸದೆ ಹಾಕಿದಂತೆ. ಇನ್ನು, ಅಪರೂಪವಾದ ಒಂದು ಕೂಗಿಗೆ ಏನು ಉತ್ತರ ಕೊಡಬೇಕೆಂಬುದು ಪಟ್ಟಿಯಲ್ಲಿ ತಪ್ಪಾಗಿದೆಯೆನ್ನೋಣ. ಏಳು ಡೈಮಂಡು, ಅಂದರೆ ಹದಿಮೂರೂ ಸುತ್ತುಗಳ ವಾಗ್ದಾನ, ಅಂಥದೊಂದು. ಅದನ್ನು ಕೂಗಿದರೆ ಎದುರಾಳಿಗಳು ಮೂರ್ಖತನದಿಂದ ನಡೆದುಕೊಳ್ಳುವರೆಂದು ಯಂತ್ರದ ಲೆಕ್ಕಕ್ಕೆ ಕಾಣುವುದು. ಕಂಡೊಡನೆ ಹೊತ್ತುಗೊತ್ತಿಲ್ಲದೆ ಏಳು ಡೈಮಂಡು ಎಂದು ಕೂಗತೊಡಗುವುದು. ಮೂರ್ಖತನವಿರುವುದು ತನ್ನ ಪಟ್ಟಿಯಲ್ಲೇ ಎಂದು ಅದಕ್ಕೆ ತಿಳಿಯುವ ಬಗೆ ಹೇಗೆ? ಪಟ್ಟಿಯನ್ನು ಮೀರಿ ಲೆಕ್ಕವನ್ನು ನಂಬುವ ಸ್ವಾತಂತ್ರ್ಯಕ್ಕೆ ಕಟ್ಟುಪಾಡು ಹಾಕಬೇಕಾಯಿತು.

ನಮ್ಮ ಐದು ಕಳಾವರಿನ ಗುಟ್ಟು ಇಲ್ಲಿ ಹೊಳೆಯುವುದು. ಚೌಕದಲ್ಲಿದ್ದ ಅರ್ಥವನ್ನು ಬರೆದದ್ದು ನಿಯಮಗಳ ಪಟ್ಟಿ. ಕೂಗನ್ನು ಆರಿಸಿದ್ದು ಸರಾಸರಿಯ ಲೆಕ್ಕ. ಒಂದೇ ಯಂತ್ರದೊಳಗೆ ಆಡುವವನು ಒಬ್ಬ, ಅರ್ಥ ಹೇಳುವವನು ಇನ್ನೊಬ್ಬ, ಅವರಿಬ್ಬರು ಮಾತಾಡಿಕೊಂಡಿರಲಿಲ್ಲ. ಸುಳ್ಳಾಡಬೇಕೆಂಬ ಉದ್ದೇಶ ಯಾರಿಗೂ ಇರಲಿಲ್ಲ. ನ್ಯಾಯವಾಗಿ ಇನ್ನೊಂದು ಸಂಗತಿಯನ್ನೂ ಒಪ್ಪಿಕೊಳ್ಳಬೇಕು. ಎಲೆಗಳನ್ನೆಲ್ಲ ಮುಂದಿಟ್ಟುಕೊಂಡು ನಾವು ಮತ್ತೆ ಆಡಿ ನೋಡಿದಾಗ, ನಮ್ಮ ನಾಲ್ಕು ಆಟೀನು ಸಹ ಒಂದು ಸುತ್ತು ಕಡಮೆಯಾಗಿ ಸೋಲುವಂತಿತ್ತು. ನಮ್ಮ ಕೂಗಿನಲ್ಲಿ ಯಂತ್ರಕ್ಕೆ ಬಂದ ಸಂಶಯವು ನಿರಾಧಾರವಾಗಿರಲಿಲ್ಲ.

ಚದುರಂಗದಲ್ಲಿ ಡೀಪ್ ಬ್ಲೂ ಎಂಬ ಯಂತ್ರವು 1997ರಲ್ಲಿಯೇ ಜಗಜ್ಜೇತ ಕ್ಯಾಸ್ಪರೋವರನ್ನು ಸೋಲಿಸಿತಷ್ಟೆ. ಅಲ್ಲಿ ಕಾಯಿಗಳೆಲ್ಲ ಕಣ್ಣೆದುರಿಗಿವೆ, ಯಾರೊಡನೆಯೂ ಮಾತಿಲ್ಲ. ಬ್ರಿಜ್‌ನಲ್ಲಿ 2022ರ ಮಾರ್ಚ್ ತಿಂಗಳಲ್ಲಿ ಪ್ಯಾರಿಸ್ ನಗರದಲ್ಲಿ ‘ನೂಕ್’ ಎಂಬ ಫ್ರೆಂಚ್ ಪ್ರೋಗ್ರಾಂ ಎಂಟು ಮಂದಿ ವಿಶ್ವವಿಜೇತರೊಡನೆ ಸ್ಪರ್ಧಿಸಿ 80 ಪಾಳಿಗಳಲ್ಲಿ 67ನ್ನು ಗೆದ್ದುಕೊಂಡಿತು. ಆ ಸುದ್ದಿಯನ್ನು ಓದಿದವರಲ್ಲಿ ಅನೇಕರು ಗಮನಿಸದ ಒಂದು ಮಾತುಂಟು: ಆ ಸ್ಪರ್ಧೆಯಲ್ಲಿ ಹರಾಜೇ ಇರಲಿಲ್ಲ. ಕೂಗು ಮೊದಲೇ ಗೊತ್ತಾಗಿತ್ತು. ಎಲೆಗಳನ್ನು ಆಡುವುದಷ್ಟೇ ಪರೀಕ್ಷೆ.

ನಾವು ಈಗ ಸಂಜೆಯ ಆಟದಲ್ಲಿ ಪಟ್ಟಿಯಲ್ಲಿ ಇರಬಹುದಾದ ಸಾದಾ ಕೂಗುಗಳನ್ನೇ ಬಳಸುತ್ತೇವೆ, ಜಾಣ್ಮೆ ತೋರಲು ಹೋಗುವುದಿಲ್ಲ. ಯಂತ್ರವು ತಬ್ಬಿಬ್ಬಾಗುವುದು ಕಡಮೆಯಾಗಿದೆ. ಆ ಐದು ಕಳಾವರಿನ ಕಥೆಯನ್ನು ನಮ್ಮ ಹಳೆಯ ಜೊತೆಗಾರ್ತಿಗೆ ಬರೆದು ಕಳುಹಿಸಿದೆವು. ಅವಳ ಉತ್ತರ ಒಂದೇ ಸಾಲು: “ಯಾಕೆ ಹಾಗೆ ಕೂಗಿದೆ ಎಂದು ಅದನ್ನೇ ಕೇಳಲಿಲ್ಲವೇನೇ, ನನ್ನನ್ನಾದರೆ ಊಟ ಮಾಡಲು ಬಿಡದೆ ಕೇಳುತ್ತಿದ್ದೆ?”